ಒಂದೇ ಕಂಬಿಯ ಗಿಲಕಿ

ನನ್ನ ಎಡಗೆನ್ನೆಯ ಮೇಲೆ ಐದು ಬೆರಳು ಎದ್ದು ಕಾಣುತ್ತವಲ್ಲ, ಅದೇನು ಅಂತ ಕೇಳದೆ ಯಾರೂ ಈ ಅಂಗಡಿಯಿಂದ ಎದ್ದು ಹೋಗುವುದಿಲ್ಲ. ಕೇಳಿದವರಿಗೆಲ್ಲ ಒಂದೊಂದು ಕಥೆ ಕೊಟ್ಟಿದ್ದೇನೆ. ಹುಲಿ ಮುದ್ದು ಮಾಡಿತು ಅಂತ ಒಬ್ಬರಿಗೆ, ಹುಟ್ಟುವಾಗ ಸೂಲಗಿತ್ತಿ ಹಿಡಿದು ಎಳೆದ ಗುರುತು ಅಂತ ಇನ್ನೊಬ್ಬರಿಗೆ. ನಿಮಗೆ ನಿಜ ಹೇಳುತ್ತೇನೆ, ಕೂತುಕೊಳ್ಳಿ. ಬಿಸಿಲು ಬಹಳ ಇದೆ. ಆ ತಾಮ್ರದ ತಂಬಿಗೆಯಲ್ಲಿ ನೀರಿದೆ, ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಕುಡಿಯಲೇಬೇಕು ಅಂತೇನಿಲ್ಲ. ಸುಮ್ಮನೆ ಹಿಡಿದುಕೊಂಡಿರಿ.

ನಾನು ಹುಸೇನಪ್ಪ, ಈ ಊರಿನ ಪಾತ್ರೆಗಳಿಗೆ ಕಲಾಯಿ ಹಾಕುವವನು. ಶಾಲೆಗೆ ಒಂದೂವರೆ ದಿನ ಹೋಗಿದ್ದೇನೆ. ಎರಡನೆಯ ದಿನ ಮಧ್ಯಾಹ್ನ ಮಾಸ್ತರರಿಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವರ ಕೈಯಲ್ಲಿದ್ದ ಹಿತ್ತಾಳೆ ಗಂಟೆ ಕರಗಿ ನೆಲಕ್ಕೆ ಸೋರಿತು. ಗಂಟೆಯೇ ಇಲ್ಲದ ಮೇಲೆ ಶಾಲೆ ಎಲ್ಲಿಯದು ಅಂತ ನಾನು ಮನೆಗೆ ಬಂದೆ. ನಮ್ಮೂರಲ್ಲಿ ಸಿಟ್ಟು ಬಂದವರ ಕೈ ಕಾಯುತ್ತದೆ, ಕೈಯಲ್ಲಿ ಏನಿದ್ದರೆ ಅದೂ ಕಾಯುತ್ತದೆ. ನಮ್ಮಜ್ಜಿ ಬದುಕಿರುವವರೆಗೆ ಸೌದೆ ಕೊಳ್ಳಲಿಲ್ಲ. ಬೆಳಿಗ್ಗೆ ಅಜ್ಜ ಅಜ್ಜಿಯ ತವರಿನ ಬಗ್ಗೆ ಒಂದು ಮಾತು ಆಡುತ್ತಿದ್ದ, ಅಷ್ಟಕ್ಕೆ ಅನ್ನ ಆಗುತ್ತಿತ್ತು. ಎರಡು ಮಾತಾಡಿದರೆ ಬೇಳೆಯೂ ಬೇಯುತ್ತಿತ್ತು. ಒಮ್ಮೆ ಹೇಳದೆ ಕೇಳದೆ ಐವತ್ತು ಜನ ನೆಂಟರು ಬಂದರು. ಅಜ್ಜ ಹೊಸ್ತಿಲ ಮೇಲೆ ನಿಂತು ಅಜ್ಜಿಯ ಏಳು ತಲೆಮಾರನ್ನು ಬೈದ. ಅಜ್ಜಿ ದೊಡ್ಡ ಹಂಡೆಯನ್ನು ತಬ್ಬಿಕೊಂಡು ಕೂತಳು. ಐವತ್ತು ಜನ ಉಂಡು ಹೋದರು.

ಇದಕ್ಕೆ ನಾವು ಹೊಂದಿಕೊಂಡಿದ್ದೆವು. ಹೆಣ್ಣು ನೋಡಲು ಬಂದವರು ಹುಡುಗಿಯ ಕೈಗೆ ಹಾಲಿನ ಬಟ್ಟಲು ಕೊಟ್ಟು, ಅವಳ ಮುಂದೆಯೇ ಅವಳ ಮೂಗಿನ ವಿಷಯ ಮಾತಾಡುತ್ತಿದ್ದರು. ಚಳಿಗಾಲದಲ್ಲಿ ಗಂಡಹೆಂಡತಿ ಸ್ನಾನಕ್ಕೆ ಮುಂಚೆ ಜಗಳ ಆಡುತ್ತಿದ್ದರು, ಸ್ನಾನ ಆದ ಮೇಲೆ ರಾಜಿ. ಕ್ಷೌರದ ಬಾಳಪ್ಪ ಯಾರೊಂದಿಗಾದರೂ ಮನಸ್ತಾಪ ಆದ ದಿನ ಕತ್ತಿಯನ್ನು ಮುಟ್ಟುತ್ತಿರಲಿಲ್ಲ. ಇದೆಲ್ಲದರಿಂದ ಲಾಭ ನನಗೆ. ಖಾಲಿ ಪಾತ್ರೆಯನ್ನು ಸಿಟ್ಟಿನಲ್ಲಿ ಹಿಡಿದರೆ ಒಳಗಿನ ತವರ ಬೆವರಿನ ಹಾಗೆ ಇಳಿದು ಹೋಗುತ್ತದೆ. ಮಾರನೆಯ ದಿನ ಮಜ್ಜಿಗೆ ಹಸಿರಾಗುತ್ತದೆ, ಪಾತ್ರೆ ನನ್ನ ಕುಲುಮೆಗೆ ಬರುತ್ತದೆ. ಯಾವ ಮನೆಯಲ್ಲಿ ಯಾರ ಮೇಲೆ ಯಾರಿಗೆ ಸಿಟ್ಟು ಅಂತ ಪಾತ್ರೆಯ ತಳ ನೋಡಿಯೇ ಹೇಳುತ್ತಿದ್ದೆ.

ಸಿಟ್ಟು ಮಿತಿ ಮೀರಿದರೆ ಗಿಲಕಿ ಇತ್ತು. ಮಕ್ಕಳ ಗಿಲಕಿ ಅಲ್ಲ. ಕಂಚಿನದು, ಮೊಳಕ್ಕೆ ಸ್ವಲ್ಪ ಕಡಿಮೆ. ಹಿಡಿಯ ಮೇಲೆ ಒಂದು ಹೆಣ್ಣಿನ ಮುಖ, ಆ ಮುಖಕ್ಕೆ ಹಸುವಿನ ಕಿವಿ. ಅದರ ಮೇಲೆ ಕುದುರೆ ಲಾಳದ ಹಾಗೆ ಬಾಗಿದ ಚೌಕಟ್ಟು, ಚೌಕಟ್ಟಿನ ನೆತ್ತಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬೆಕ್ಕು. ಚೌಕಟ್ಟಿನ ಈ ಕಡೆಯಿಂದ ಆ ಕಡೆಗೆ ಮೂರು ಕಂಬಿ ಹಾದಿವೆ, ಕಂಬಿಯ ತುದಿಗಳು ಹಾವಿನ ಹೆಡೆಯ ಹಾಗೆ ಬಾಗಿವೆ, ಒಂದೊಂದು ಕಂಬಿಯಲ್ಲೂ ಸಣ್ಣ ಬಿಲ್ಲೆಗಳು. ಅಲ್ಲಾಡಿಸಿದರೆ ಶೆಶ್, ಶೆಶ್ ಅನ್ನುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಎದೆಯಲ್ಲಿದ್ದ ಸಿಟ್ಟು ಇಳಿದು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಅದು ನಮ್ಮೂರಿಗೆ ಬಂದದ್ದು ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಮೇಲೆ ಒಂದು ಜೀವಂತ ಬೆಕ್ಕು ಹುಟ್ಟು ಹಾಕುತ್ತ ಕೂತಿತ್ತಂತೆ. ಬೆಕ್ಕಿನ ಮಾತನ್ನು ನೀವು ನಂಬದಿದ್ದರೂ ನಡೆಯುತ್ತದೆ.

ಗಿಲಕಿ ಹಿಡಿಯುವವಳು ಕಿವುಡಿಯೇ ಆಗಬೇಕು. ಕೇಳುವವರು ಹಿಡಿದರೆ ಮೊದಲು ಅವರದೇ ಸಿಟ್ಟು ಹೋಗಿ, ನಕ್ಕೊಂಡು ಎಲ್ಲೋ ಇಟ್ಟು ಮರೆತುಬಿಡುತ್ತಾರೆ. ನನ್ನ ಕಾಲಕ್ಕೆ ಸಂಕವ್ವ ಹಿಡಿಯುತ್ತಿದ್ದಳು. ಹುಟ್ಟಿನಿಂದ ಒಂದು ಸದ್ದೂ ಕೇಳದವಳು, ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಊರಿನ ಸಿಟ್ಟನ್ನೆಲ್ಲ ಇಳಿಸುತ್ತಿದ್ದವಳ ಸ್ವಂತ ಸಿಟ್ಟು ಮಾತ್ರ ಹುಟ್ಟಿದಾಗಿನದೂ ಹಾಗೇ ಇತ್ತು. ಹೆಂಚು ಇಲ್ಲದೆ ಅಂಗೈಯಲ್ಲೇ ರೊಟ್ಟಿ ಸುಡುತ್ತಿದ್ದಳು. ವರ್ಷಕ್ಕೊಮ್ಮೆ ಗಿಲಕಿಯನ್ನು ತೊಳೆದು ಕಂಬಿ ಸರಿ ಮಾಡುವುದು ನನ್ನ ಕೆಲಸ. ಕಿವಿಗೆ ಮೇಣ ತುಂಬಿಕೊಂಡು ಮಾಡುತ್ತಿದ್ದೆ.

ಒಮ್ಮೆ ದೂರದ ಪಟ್ಟಣದ ಮ್ಯೂಸಿಯಂನಿಂದ ಒಬ್ಬ ಸಾಹೇಬ ಬಂದ. ಗಿಲಕಿ ನೋಡಿ ಕುರ್ಚಿಯಿಂದ ಎದ್ದೇ ನಿಂತ. "ಇದು ಸಿಸ್ಟ್ರಂ ಕಣ್ರೀ, ಈಜಿಪ್ಟ್ ದೇಶದ್ದು, ಸಾವಿರಾರು ವರ್ಷ ಹಳೇದು! ಅವರ ಭಾಷೇಲಿ ಶೆಶೆಶೆತ್ ಅಂತಾರೆ. ಜೊಂಡುಹುಲ್ಲು ಗಾಳಿಗೆ ಅಲುಗಿದಾಗ ಬರುತ್ತಲ್ಲ, ಆ ಸದ್ದು. ಈ ಹಸುಕಿವಿಯವಳು ಹಾಥೋರ್ ದೇವಿ. ದೇವಿಗೆ ಸಿಟ್ಟು ಬಂದು ಜನರನ್ನು ಕೊಲ್ಲೋಕೆ ಹೊರಟಳಂತೆ. ಅಂಥ ಸಿಟ್ಟು ಇಳೀಲಿ ಅಂತ ಗುಡಿಯ ಹೆಂಗಸರು ಇದನ್ನು ಆಡಿಸ್ತಿದ್ರು" ಅಂದ. ಸಂಕವ್ವ ಅವನ ತುಟಿಯನ್ನೇ ನೋಡುತ್ತಿದ್ದಳು. "ದೇವಿಗೆ ಸಿಟ್ಟು ಯಾಕ ಬಂದಿತ್ತಂತ?" ಅಂತ ಕೇಳಿದಳು. ಸಾಹೇಬ ಪುಸ್ತಕ ತಿರುವಿದ. "ಜನರೇ ಏನೋ ದ್ರೋಹ ಮಾಡಿದ್ರಂತೆ." "ಹಂಗಾರ ಜನಕ್ಕ ಬುದ್ಧಿ ಹೇಳಬೇಕಿತ್ತಲ್ಲೋ, ದೇವಿ ಮುಂದ ಯಾಕ ಗಿಲಕಿ ಆಡಿಸಿದ್ರು?" ಅಂದಳು ಸಂಕವ್ವ. ಸಾಹೇಬ ಪುಸ್ತಕ ಮುಚ್ಚಿದ. ಗಿಲಕಿಯನ್ನು ಒಯ್ಯುತ್ತೇನೆ ಅಂದ, ನಾವು ಕೊಡುವುದಿಲ್ಲ ಅಂದೆವು. ನಮ್ಮೂರ ನೆಲದ ಮೇಲೆ ನಿಂತಿದ್ದನಲ್ಲ, ಅವನ ಕೈಯಲ್ಲಿದ್ದ ಚಹಾ ಕೊತಕೊತ ಕುದ್ದು ಮೀಸೆ ಸುಟ್ಟಿತು. ಸಂಕವ್ವ ಎರಡು ಸಲ ಶೆಶ್ ಅನಿಸಿದಳು. ಸಾಹೇಬ ನಕ್ಕೊಂಡು, ಎಲ್ಲರ ಕೈ ಕುಲುಕಿ, ಪುಸ್ತಕವನ್ನೂ ಇಲ್ಲೇ ಬಿಟ್ಟು ಹೋದ.

ನಾವೂ ಅವತ್ತು ಬಹಳ ನಕ್ಕೆವು. ಸಂಕವ್ವ ನಗಲಿಲ್ಲ.

ನೀರು ಚೆಲ್ಲಬೇಡಿ, ನೆಟ್ಟಗೆ ಹಿಡಿಯಿರಿ. ನಮ್ಮೂರ ನ್ಯಾಯದ ವಿಷಯ ಒಂದು ಹೇಳಿಬಿಡುತ್ತೇನೆ. ಅಮಾವಾಸ್ಯೆಯ ಬೆಳಿಗ್ಗೆ ಬೇವಿನ ಕಟ್ಟೆಯ ಮೇಲೆ ಮೂವರು ಹಿರಿಯರು ಕೂರುತ್ತಾರೆ. ದೂರು ಇದ್ದವರು ಒಂದು ತಂಬಿಗೆ ತಣ್ಣೀರನ್ನು ಕೈಯಲ್ಲಿ ಹಿಡಿದು ನಡೆದದ್ದನ್ನು ಹೇಳಬೇಕು. ಮಾತು ಮುಗಿಯುವುದರೊಳಗೆ ನೀರು ಕುದ್ದರೆ ದೂರು ನಿಜ. ತಪ್ಪು ಮಾಡಿದವನು ತನ್ನ ಕಸುಬು ಬಿಟ್ಟು ಊರು ಬಿಡಬೇಕು. ಸುಳ್ಳು ಸಿಟ್ಟಿಗೆ ನೀರು ಬೆಚ್ಚಗಾಗುತ್ತದೆಯೇ ಹೊರತು ಕುದಿಯುವುದಿಲ್ಲ. ಗಿಲಕಿ ಮುಟ್ಟಿದ ಕೈ ತಂಬಿಗೆ ಹಿಡಿಯುವಂತಿಲ್ಲ, ಹಾಗಾಗಿ ಸಂಕವ್ವನಿಗೂ ನನಗೂ ದೂರು ಹೇಳುವ ಹಕ್ಕಿಲ್ಲ. ಇನ್ನು ಯಾರು ಬೇಕಾದರೂ ಹೇಳಬಹುದು, ಊರಿನವರೇ ಆಗಬೇಕಂತಲೂ ಇಲ್ಲ. ನಮ್ಮಜ್ಜನ ಕಾಲದಲ್ಲಿ ಯಾವುದೋ ಊರಿನ ಬಳೆಗಾರ, ತಾನು ಮುಖ ಕೂಡ ನೋಡದ ಹುಡುಗಿಯ ಕಥೆ ಕೇಳಿ, ಅವಳ ಪರವಾಗಿ ತಂಬಿಗೆ ಹಿಡಿದು ಕುದಿಸಿದನಂತೆ.

ಈಗ ಹೊಳೆಗೆ ಬನ್ನಿ. ಸೇತುವೆ ಇಲ್ಲ, ಹಗ್ಗದ ದೋಣಿ ಇದೆ. ಈ ದಡದಿಂದ ಆ ದಡಕ್ಕೆ ಪುಂಡಿನಾರಿನ ದಪ್ಪ ಹಗ್ಗ ಬಿಗಿದಿದೆ, ಅದನ್ನು ಹಿಡಿದು ಎಳೆಯುತ್ತ ದೋಣಿ ದಾಟಿಸುತ್ತಾರೆ. ದೋಣಿಯೂ ಹಗ್ಗವೂ ರಾಚಪ್ಪ ಸಾವಕಾರನದು. ಹಗ್ಗ ನನ್ನ ಮದುವೆಗಿಂತ ಹಳೆಯದು. ಹರಿದ ಕಡೆಯಲ್ಲೆಲ್ಲ ಗಂಟು ಹಾಕಿದ್ದ, ಮೂರು ಗಂಟು. ನನ್ನ ತಂಗಿ ಫಕೀರವ್ವನಿಗೆ ಒಬ್ಬಳೇ ಮಗಳು, ಶಿವಲೀಲಾ. ಹೊಲಿಗೆ ಕಲಿಯಲು ದಿನಾ ಆ ದಡಕ್ಕೆ ಹೋಗುತ್ತಿದ್ದಳು. ಬಾಯಿ ಜೋರು ಹುಡುಗಿ. ಒಂದು ದಿನ ದೋಣಿ ಹತ್ತುವಾಗ ಎಲ್ಲರ ಮುಂದೆ, "ಸಾವಕಾರ್ರ, ಹಗ್ಗದಾಗ ಬರೇ ಗಂಟs ಅದಾವು, ಹಗ್ಗ ಎಲ್ಲೈತ್ರಿ?" ಅಂದಳು. ರಾಚಪ್ಪ ಎಲೆಅಡಿಕೆ ಜಗಿಯುತ್ತ, "ಗಂಟು ಬಿದ್ದಷ್ಟು ಗಟ್ಟಿ ಯವ್ವಾ. ಲಗ್ನ ಆದಾಕಿ ನೀ, ನಿನಗ ನಾ ಹೇಳಬೇಕೇನು?" ಅಂದ. ಜನ ನಕ್ಕರು. ನಾನೂ ಅಲ್ಲಿದ್ದೆ. ಒಳ್ಳೆಯ ಮಾತಿಗೆ ನಗುವುದು ನನ್ನ ಅಭ್ಯಾಸ, ನಾನೂ ನಕ್ಕೆ.

ಅಮಾವಾಸ್ಯೆಗೆ ಹತ್ತು ದಿನ ಇರುವಾಗ, ಹೊಳೆ ತುಂಬಿದ್ದ ಒಂದು ಬೆಳಿಗ್ಗೆ, ನಡುನೀರಿನಲ್ಲಿ ಗಂಟು ಬಿಚ್ಚಿತು. ಹನ್ನೊಂದು ಜನ ಹೋದರು. ಶಿವಲೀಲಾ, ಅವಳ ಗಂಡ, ಇಬ್ಬರೂ. ಅವರ ಆರು ತಿಂಗಳ ಕೂಸು ಕಸ್ತೂರಿ ಆ ದಿನ ಅಜ್ಜಿಯ ತೊಡೆಯ ಮೇಲಿತ್ತು, ಅದಕ್ಕೇ ಉಳಿಯಿತು.

ಸತ್ತವರ ಮನೆಗೆ ಗಿಲಕಿ ಕರೆಯುವುದು ನಮ್ಮೂರ ವಾಡಿಕೆ. ದುಃಖ ಇರಲಿ, ಸಿಟ್ಟು ಬೇಡ, ಮನೆಗೆ ಬೆಂಕಿ ಬಿದ್ದೀತು ಅಂತ. ರಾಚಪ್ಪ ಸಂಜೆಯಾಗುವ ಮುಂಚೆಯೇ ಸಂಕವ್ವನನ್ನು ಮುಂದೆ ಮಾಡಿಕೊಂಡು ಮನೆಮನೆಗೆ ಬಂದ. ನಿಜವಾಗಿ ಅಳುತ್ತಿದ್ದ, ಅದನ್ನು ಇಲ್ಲ ಅನ್ನುವುದಿಲ್ಲ. ಒಂಬತ್ತು ಮನೆ. ಎಂಟು ಮನೆಯವರು ಬಾಗಿಲು ತೆಗೆದರು. ಸಂಕವ್ವ ಹಲ್ಲು ಕಚ್ಚಿಕೊಂಡು ಗಿಲಕಿ ಆಡಿಸಿದಳು. ಅವಳ ಕೈಯ ಬಿಸಿಗೆ ಹಿಡಿ ಕೆಂಪಾಗಿತ್ತು. ಆದರೆ ವಾಡಿಕೆ ವಾಡಿಕೆಯೇ. ಎಂಟೂ ಮನೆಯವರು ರಾಚಪ್ಪನಿಗೆ ಕುಡಿಯಲು ನೀರು ಕೊಟ್ಟು, ಕಾಲಿಗೆ ಕೆಸರಾಗಿದೆ, ತೊಳೆದುಕೊಳ್ಳಿ ಅಂದರು.

ಒಂಬತ್ತನೆಯ ಮನೆ ನನ್ನ ತಂಗಿಯದು. ಅವಳು ಅಗುಳಿ ಹಾಕಿಕೊಂಡು, ಕಿವಿಗೆ ಎರಡೂ ಅಂಗೈ ಒತ್ತಿಕೊಂಡು ಒಳಗಿನಿಂದ ಕೂಗಿದಳು: "ಹೋಗ್ರಿ! ನನ್ನ ಮಗಳು ನನಗ ಎರಡs ಬಿಟ್ಟು ಹೋಗ್ಯಾಳ. ಈ ಕೂಸು, ಈ ಸಿಟ್ಟು. ಎರಡನ್ನೂ ಕೊಡೂದಿಲ್ಲ!" ರಾಚಪ್ಪ ಬಾಗಿಲ ಸಂದಿಗೆ ಬಾಯಿಟ್ಟು ಜೋರಾಗಿ, "ತಂಗೀ, ನಿನ್ನ ಒಳ್ಳೇದಕ್ಕs ಬಂದೀವಿ" ಅಂದ. "ನನ್ನ ಒಳ್ಳೇದಕ್ಕಾದ್ರ ಹಗ್ಗಾ ಬದಲ ಮಾಡೋ ಮುದಿಯಾ!" ಅಂದಳು. ಅವಳು ಒರಗಿ ನಿಂತಿದ್ದ ಬಾಗಿಲಿನ ಕಬ್ಬಿಣದ ಪಟ್ಟಿ ಹೊರಗಿನಿಂದಲೂ ಕೆಂಪಾಗಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಸಂಕವ್ವ ಗಿಲಕಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು. "ಕಂಬಿ ಸಡ್ಲ ಆಗ್ಯಾವಂತ ಹಿರೇರಿಗೆ ಹೇಳೀನಿ. ಅಮಾಸಿ ತನಕಾ ಇದು ನಿನ್ನ ಕುಲುಮ್ಯಾಗ ಬಿದ್ದಿರ್ಲಿ. ನಿನ್ನ ತಂಗಿ ನೀರು ಕುದಸ್ಲಿ. ನನಗ ತಂಬಿಗಿ ಹಿಡಿಯಾಕ ಹಕ್ಕಿಲ್ಲ, ಅಕಿಗೈತಿ. ತಿಳೀತೋ, ಕಲಾಯಿ?" ಅಂದಳು. ಕಂಬಿಗಳು ಗಟ್ಟಿಯಾಗಿಯೇ ಇದ್ದವು. ನಾನು ತಲೆ ಆಡಿಸಿದೆ. ಅವಳು ಎದ್ದು ಹೋಗುವಾಗ ಮತ್ತೆ ತಿರುಗಿ, "ಅಳ್ಳೆದೆಯವ ನೀ. ನಗಾಡ್ಕೋತ ಯಾರ ಕೈಯಾಗರೆ ಕೊಟ್ಟೀ ಮತ್ತ!" ಅಂದಳು. "ಜೀವ ಹೋದ್ರೂ ಕೊಡೂದಿಲ್ಲ" ಅಂದೆ. ಕೊಡಲಿಲ್ಲ. ಆ ಮಾತನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಯಾರ ಕೈಗೂ ಕೊಡಲಿಲ್ಲ.

ದಿನ ಹೋದ ಹಾಗೆ ತಂಗಿಯ ಕೈ ಸುಡತೊಡಗಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಬೋಗುಣಿಯ ನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದಳು, ನೀರು ಹಬೆಯಾಡುತ್ತಿತ್ತು, ನನ್ನ ಹೆಂಡತಿ ಮತ್ತೆ ತಣ್ಣೀರು ಸುರಿಯುತ್ತಿದ್ದಳು. ಅನ್ನ ಕಲಸಲು ಹೋದರೆ ಅನ್ನ ಸೀದು ಹೋಗುತ್ತಿತ್ತು. ಎಲ್ಲಕ್ಕಿಂತ ಕಷ್ಟ ಕೂಸಿನದು. ಅದಕ್ಕೆ ಅಜ್ಜಿಯ ಕೈಯೇ ಬೇಕು. ಅಜ್ಜಿ ಮುಟ್ಟುವಂತಿಲ್ಲ. ನನ್ನ ಹೆಂಡತಿ ಹಾಲು ಕುಡಿಸಲು ಹೋದರೆ ಬಾಯಿ ತಿರುಗಿಸುತ್ತಿತ್ತು. ಅಜ್ಜಿ ಆ ಮೂಲೆಯಲ್ಲಿ, ಕೂಸು ಈ ಮೂಲೆಯಲ್ಲಿ, ಒಬ್ಬರನ್ನೊಬ್ಬರು ನೋಡುತ್ತ ಅಳುತ್ತಿದ್ದರು.

ಎಂಟನೆಯ ದಿನ ರಾಚಪ್ಪ ನನ್ನ ಅಂಗಡಿಗೆ ಬಂದ. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಕುಲುಮೆಗೆ ಗಾಳಿ ಊದುವ ತಿದಿಯ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ನಾಲ್ಕು ಸಲ ಎಳೆದ. "ಹುಸೇನಿ, ಗಿಲಕಿ ಕೇಳಾಕ ಬಂದಿಲ್ಲೋ. ಇಟ್ಕೋ. ಆದ್ರ ಆ ಕೂಸಿನ ಮಾರಿ ನೋಡೀಯೇನು? ಎದಿ ಎಲುಬು ಎಣಿಸಬೌದು. ಅಮಾಸಿ ಇನ್ನೂ ಎರಡು ದಿನ ಐತಿ. ದೊಡ್ಡವರು ತಡೀತಾರ. ಕೂಸು ತಡೀತೈತೇನು?" ಅಂದ. ನಾನು ಕುಲುಮೆಗೆ ಇದ್ದಿಲು ಹಾಕಿದೆ. "ನನಗ ಆಗೂ ಶಿಕ್ಷಾ ಆಗ್ಲಿ ಬಿಡು. ಹೋಗ್ತೀನಿ, ಯಾವ ಊರಿಗರೆ. ಒಂದಿಷ್ಟು ಇಳಸು ಅಂತೀನಿ, ಪೂರಾ ಬ್ಯಾಡ. ಅಕಿ ಕೂಸನ್ನ ಎತ್ಕೊಳ್ಳೂವಷ್ಟು. ನೀ ಕಸುಬುದಾರ, ನಿನಗ ಅಳತಿ ತಿಳಿಯೂದಿಲ್ಲೇನು?" ಅಂದು ಎದ್ದು ಹೋದ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಅಳತೆ. ಎಷ್ಟು ಪಾತ್ರೆಗೆ ಎಷ್ಟು ತವರ, ಎಷ್ಟು ನವಸಾಗರದ ಪುಡಿ ಅಂತ ಕಣ್ಣಳತೆಯಲ್ಲೇ ಹಾಕುವವನು ನಾನು. ಗಿಲಕಿಗೆ ಮೂರು ಕಂಬಿ. ಮೂರೂ ಸೇರಿ ಇಡೀ ಸಿಟ್ಟು ಇಳಿಸಿದರೆ, ಒಂದು ಕಂಬಿ ಮೂರರಲ್ಲಿ ಒಂದು ಪಾಲು ಇಳಿಸೀತು. ಎರಡು ಪಾಲು ಉಳಿಯುತ್ತದೆ. ಫಕೀರವ್ವನ ಎರಡು ಪಾಲು ಸಿಟ್ಟಿಗೆ ತಂಬಿಗೆ ಏನು, ಬಾವಿ ಕುದಿಯುತ್ತದೆ. ಕೂಸಿಗೂ ಅಜ್ಜಿ ಸಿಗುತ್ತಾಳೆ, ಅಮಾವಾಸ್ಯೆಗೂ ನೀರು ಕುದಿಯುತ್ತದೆ. ಈ ಲೆಕ್ಕ ನನಗೆ ಎಷ್ಟು ಚೆಂದ ಕಂಡಿತೆಂದರೆ ಒಬ್ಬನೇ ನಕ್ಕೆ.

ಎರಡು ಕಂಬಿ ಎಳೆದು ತೆಗೆದೆ. ಕಿವಿಗೆ ಮೇಣ ತುಂಬಿಕೊಂಡೆ. ನಡುಮಧ್ಯಾಹ್ನ, ಬೀದಿಯಲ್ಲಿ ಯಾರೂ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ನನ್ನ ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಗೆ ಬೇವಿನ ನೆರಳಿಗೆ ಹೋಗಿದ್ದಳು. ತಂಗಿ ಗೋಡೆಗೆ ಒರಗಿ, ಬೋಗುಣಿಯಲ್ಲಿ ಕೈ ಇಟ್ಟು, ಕಣ್ಣು ಮುಚ್ಚಿದ್ದಳು. ನಾನು ಬಂದದ್ದು ತಿಳಿದು ಕಣ್ಣು ಮುಚ್ಚಿಯೇ ಏನೋ ಅಂದಳು. ಅಣ್ಣ ಅಲ್ಲವೇ, ಇನ್ಯಾರು ಹಿತ್ತಲಿನಿಂದ ಬರುತ್ತಾರೆ. ನಾನು ಗಿಲಕಿ ತೆಗೆದು ಆಡಿಸಿದೆ.

ಅವಳು ಕಣ್ಣು ಬಿಟ್ಟಳು. ಗಿಲಕಿ ನೋಡಿದಳು, ನನ್ನನ್ನು ನೋಡಿದಳು. ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದಳು. ಕೈ ಅರ್ಧಕ್ಕೆ ನಿಂತಿತು. ಅವಳ ತುಟಿ ಆಡಿತು. ಏನೋ ಹೇಳಿದಳು, ಒಂದೇ ಮಾತು, ಸಣ್ಣದು. ಸಂಕವ್ವ ಇದ್ದಿದ್ದರೆ ತುಟಿ ನೋಡಿ ಹೇಳುತ್ತಿದ್ದಳು, ನನಗೆ ಆ ವಿದ್ಯೆ ಬರುವುದಿಲ್ಲ. ಏನಂದಳೋ ಅಂತ ಕೇಳಿಸಿಕೊಳ್ಳಲು ಎಡಗೈಯಲ್ಲಿ ಕಿವಿಯ ಮೇಣ ಕಿತ್ತೆ. ಬಲಗೈ ಇನ್ನೂ ಆಡಿಸುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕು ಅಂತ ಹೊಳೆಯಲೇ ಇಲ್ಲ.

ಒಂದೇ ಕಂಬಿಯ ಸದ್ದು ಹೇಗಿತ್ತು ಅಂತ ಹೇಳಲಾ? ಮೂರು ಕಂಬಿ ಇದ್ದಾಗ ಒಂದರ ಸದ್ದು ಇನ್ನೊಂದಕ್ಕೆ ಅಡ್ಡ ಬರುತ್ತಿತ್ತೇನೋ, ಜಾತ್ರೆಯಲ್ಲಿ ಕರೆದ ಹಾಗೆ. ಒಂದೇ ಆದಾಗ ಅದು ನಮ್ಮ ಹೆಸರು ಹಿಡಿದು ಹತ್ತಿರದಿಂದ ಕರೆದ ಹಾಗಿತ್ತು. ಸಿಟ್ಟಿನ ಬುಡದವರೆಗೆ ಹೋಯಿತು. ರಾಚಪ್ಪನ ಮೇಲೆ ನನಗಿದ್ದ ಸಿಟ್ಟು, ಅವತ್ತು ನಕ್ಕದ್ದಕ್ಕೆ ನನ್ನ ಮೇಲೆಯೇ ನನಗಿದ್ದದ್ದು, ಎಲ್ಲ ಬಸಿದು ಹೋಯಿತು. ಬೋಗುಣಿಯ ಹಬೆ ನಿಂತಿತು. "ಎಷ್ಟು ಹಗುರಾತಲ್ಲೋ ಅಣ್ಣಾ" ಅಂದಳು ತಂಗಿ. ಕೂಸನ್ನು ಕರೆಸಿ ಎತ್ತಿಕೊಂಡಳು. ಬೊಬ್ಬೆ ಬಿದ್ದ ಕೈಯಲ್ಲೇ ಹಾಲು ಕುಡಿಸಿದಳು. ಕೂಸು ಗಟಗಟ ಕುಡಿಯಿತು. ನಾನು ಅಲ್ಲೇ ಕೂತು ಬೆಕ್ಕು ಹುಟ್ಟು ಹಾಕಿದ ಕಥೆ ಹೇಳಿದೆ, ಇಬ್ಬರೂ ನಕ್ಕೆವು. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಅಮಾವಾಸ್ಯೆಯ ದಿನ ಊರೆಲ್ಲ ಬೇವಿನ ಕಟ್ಟೆಗೆ ಬಂತು. ರಾಚಪ್ಪ ಒಂದು ಕಡೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಸಂಕವ್ವ ಮುಂದೆಯೇ ಕೂತಿದ್ದಳು, ಹಬ್ಬಕ್ಕೆ ಬಂದವಳ ಹಾಗೆ ಹೊಸ ಸೀರೆ ಉಟ್ಟಿದ್ದಳು. ಫಕೀರವ್ವ ಈ ತಂಬಿಗೆಯನ್ನೇ, ಈಗ ನಿಮ್ಮ ಕೈಯಲ್ಲಿದೆಯಲ್ಲ, ಇದನ್ನೇ ಹಿಡಿದು ಕಟ್ಟೆ ಹತ್ತಿದಳು. ಹಿರಿಯರು ಹೇಳು ಅಂದರು. ಹೇಳಿದಳು. ಒಂದನ್ನೂ ಬಿಡಲಿಲ್ಲ. ಮಗಳು ಹಗ್ಗದ ಬಗ್ಗೆ ಕೇಳಿದ್ದು, ರಾಚಪ್ಪ ಲಗ್ನದ ಗಂಟಿನ ಮಾತಾಡಿದ್ದು, ಜನ ನಕ್ಕದ್ದು, ಮೂರನೆಯ ದಿನ ಕೆಳಗಿನ ಮಡುವಿನಲ್ಲಿ ಮಗಳು ಸಿಕ್ಕಿದ್ದು, ಸೂಜಿ ಚುಚ್ಚದ ಹಾಗೆ ಹಾಕುವ ಹೊಲಿಗೆಯ ಟೊಪ್ಪಿ ಅವಳ ಬೆರಳಿನಲ್ಲಿ ಹಾಗೇ ಇದ್ದದ್ದು. ನೆರೆಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದಳು. ಜನ ತಂಬಿಗೆಯನ್ನೇ ನೋಡುತ್ತಿದ್ದರು. ಒಂದು ಗುಳ್ಳೆ ಏಳಲಿಲ್ಲ.

ಹಿರಿಯರಲ್ಲಿ ಒಬ್ಬರು ಬೆರಳು ಅದ್ದಿ ನೋಡಿದರು. "ತಣ್ಣಗs ಐತಲ್ಲ ಯವ್ವಾ." "ಹೌದ್ರೀ, ತಣ್ಣಗs ಐತಿ. ನಸಿಕಿನ್ಯಾಗ ಬಾವ್ಯಾಗಿಂದ ತಂದಿದ್ದು" ಅಂದಳು ತಂಗಿ. ಆಮೇಲೆ ರಾಚಪ್ಪನನ್ನು ನೋಡಿ, "ಸಾವಕಾರ್ರು ಬಿಸಲಾಗ ನಿಂತು ಬೆವತಾರ. ಕುಡೀರಿ" ಅಂತ ತಂಬಿಗೆ ಮುಂದೆ ಮಾಡಿದಳು. ರಾಚಪ್ಪ ಎರಡೂ ಕೈಯಲ್ಲಿ ಇಸಿದುಕೊಂಡು ಪೂರ್ತಿ ಕುಡಿದ. ಕುಡಿಯುವಾಗ ಅವನ ಗಂಟಲು ಏರಿ ಇಳಿಯುವುದನ್ನು ಇಡೀ ಊರು ನೋಡಿತು. ದೂರು ಮುಗಿಯಿತು ಅಂದರು ಹಿರಿಯರು.

ಸಂಕವ್ವ ಎದ್ದಳು. ಮೊದಲು ಫಕೀರವ್ವನ ಹತ್ತಿರ ಹೋಗಿ ಅವಳ ಅಂಗೈ ತಿರುಗಿಸಿ ನೋಡಿದಳು. ಬೊಬ್ಬೆ ಒಣಗಿದ್ದವು. ಆಮೇಲೆ ನೇರ ನನ್ನ ಹತ್ತಿರ ಬಂದಳು. "ಎಷ್ಟು ಕಂಬಿ?" ಅಂದಳು. ನಾನು ಒಂದು ಬೆರಳು ತೋರಿಸಿದೆ. ಹೊಡೆದಳು. ಚರ್ ಅಂತ ಸದ್ದಾಯಿತು, ಮಾಂಸ ಸುಟ್ಟ ವಾಸನೆ ಬಂತು. ಇದೇ ಆ ಐದು ಬೆರಳು. ನನಗೆ ನೋವಾಯಿತು, ಸಿಟ್ಟು ಬರಲಿಲ್ಲ. "ನೀ ಹೊಡದದ್ದು ಬರೋಬ್ಬರಿ ಐತಿ ಬಿಡವ್ವಾ" ಅಂದೆ, ನಕ್ಕೊಂಡು. ಅವಳು ನನ್ನ ತುಟಿ ನೋಡಿ ಮಾತು ತಿಳಿದುಕೊಂಡು, ಅಳತೊಡಗಿದಳು. ಅವಳು ಅತ್ತದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಎರಡು ವರ್ಷ ಬದುಕಿದ್ದಳು, ನನ್ನ ಮುಖ ನೋಡಲಿಲ್ಲ. ಕೊನೆಯ ದಿನ ಅವಳ ಚಾಪೆ ಹೊತ್ತಿಕೊಂಡಿತು.

ಇದೆಲ್ಲ ಆಗಿ ಏಳು ವರ್ಷ. ಹರಿದ ಹಗ್ಗಕ್ಕೆ ರಾಚಪ್ಪ ಮತ್ತೆ ಗಂಟು ಹಾಕಿದ. ಈಗ ಒಟ್ಟು ಏಳು ಗಂಟು. ಹೋದ ಮಳೆಗಾಲದಲ್ಲಿ ಮತ್ತೆ ನಾಲ್ವರು ಹೋದರು, ಅವರ ಮನೆಗಳಿಗೂ ಸಂಜೆಯೊಳಗೆ, ಸಂಕವ್ವನ ಜಾಗಕ್ಕೆ ಬಂದ ಇನ್ನೊಬ್ಬ ಕಿವುಡಿಯ ಕೈಯಲ್ಲಿ, ಗಿಲಕಿ ಹೋಯಿತು. ಕಸ್ತೂರಿಗೆ ಈಗ ಏಳೂವರೆ ವರ್ಷ. ಶಾಲೆ ಈಗ ಆ ದಡದಲ್ಲಿದೆ. ದಿನಾ ಬೆಳಿಗ್ಗೆ ಅದೇ ದೋಣಿ ಹತ್ತುತ್ತಾಳೆ, ದಿನಾ ಮಧ್ಯಾಹ್ನ ಅದರಲ್ಲೇ ಬರುತ್ತಾಳೆ. ಅಜ್ಜಿ ದಡದಲ್ಲಿ ನಿಂತು ಕೈ ಬೀಸುತ್ತಾಳೆ. ಹಗ್ಗ ಕಿರುಗುಡುವುದು ಇಲ್ಲಿಗೂ ಕೇಳುತ್ತದೆ. ನನಗೆ ಭಯ ಆಗುತ್ತದೆ, ಭಯಕ್ಕೆ ಗಿಲಕಿ ಇಲ್ಲ ನೋಡಿ. ಆದರೆ ಭಯಕ್ಕೆ ನೀರು ಕುದಿಯುವುದಿಲ್ಲ.

ಅದಕ್ಕೇ ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸಿ, ಕೈಗೆ ತಂಬಿಗೆ ಕೊಟ್ಟು ಕಥೆ ಹೇಳುತ್ತೇನೆ. ಚೆನ್ನಾಗಿ ಹೇಳುತ್ತೀಯಪ್ಪಾ, ಇನ್ನೊಂದು ಹೇಳು ಅನ್ನುತ್ತಾರೆ. ಅಜ್ಜಿ ಹಂಡೆ ತಬ್ಬಿದ್ದಕ್ಕೆ ನಗುತ್ತಾರೆ, ಸಾಹೇಬನ ಮೀಸೆಗೆ ನಗುತ್ತಾರೆ. ನಗಿಸದೆ ಹೇಳಲು ನನಗೆ ಬರುವುದಿಲ್ಲ, ಸಿಟ್ಟಿನಿಂದ ಹೇಳಬೇಕಾದ ಕಥೆ ಇದು, ಆ ಸಿಟ್ಟನ್ನು ನಾನೇ ಕಳೆದುಕೊಂಡಿದ್ದೇನೆ. ಹೋದ ವರ್ಷ ಒಬ್ಬ ಎಮ್ಮೆ ವ್ಯಾಪಾರಿಯ ಕೈಯಲ್ಲಿ ನೀರು ಸ್ವಲ್ಪ ಬೆಚ್ಚಗಾಗಿತ್ತು. ಅಮಾವಾಸ್ಯೆಗೆ ಮೂರು ದಿನ ಇತ್ತು, ಇರಿ ಅಂದೆ. ಸಂತೆಗೆ ಹೊತ್ತಾಗುತ್ತದೆ ಅಂತ ಹೋದ.

ಓ, ನನ್ನ ತಂಗಿ ಬಂದಳು ನೋಡಿ. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ, ದಿನಾ ಕೇಳುತ್ತಾಳೆ. ಅವತ್ತು ಏನಂದೆ ತಂಗೀ, ತುಟಿ ಆಡಿಸಿದೆಯಲ್ಲ, ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. "ಯಾಂವಗ ನೆಪ್ಪೈತಿ ಅಣ್ಣಾ, ಏನರೆ ಅಂದಿದ್ದೀನು" ಅನ್ನುತ್ತಾಳೆ. ಇವತ್ತು ಬೇರೆ ಏನೋ ಹೇಳಬೇಕಂತೆ. "ಅಣ್ಣಾ, ಆವಾಗ ಹಗ್ಗದಾಗ ಇದ್ದದ್ದು ಮೂರು ಗಂಟಲ್ಲೋ, ನಾಕು. ಶಿವಲೀಲಾ ಎಣಿಸಿ ಬಂದು ಹೇಳಿದ್ಲು. ಪರ ಊರಿನವರಿಗೆ ತಪ್ಪು ಹೇಳಬ್ಯಾಡ" ಅನ್ನುತ್ತಾಳೆ, ನಗುತ್ತಾಳೆ. ನಾಲ್ಕು ಅಂತಲೇ ಇಟ್ಟುಕೊಳ್ಳಿ. ದೋಣಿ ಈ ಕಡೆ ಹೊರಟಿತು, ಕಿರುಗುಡುವುದು ಕೇಳಿಸುತ್ತಿದೆಯಲ್ಲ, ಅದರಲ್ಲಿ ಕಸ್ತೂರಿ ಇದ್ದಾಳೆ. ಅಮಾವಾಸ್ಯೆ ನಾಳೆಯೇ.

"ನೀರು ಹ್ಯಾಂಗದಾವ್ರೀ, ತಣ್ಣಗದಾವೇನು?" ಅಂತ ನನ್ನ ತಂಗಿ ನಿಮ್ಮನ್ನೇ ಕೇಳುತ್ತಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸುಳ್ಳು ಹೇಳಲು ಈ ಊರಿಗೆ ನಾನೊಬ್ಬ ಸಾಕು.